ಏಳು ಗೂಡು, ಏಳು ಊಟ

ನೀಲಗಿರಿಯ ಕೂನೂರಿನಲ್ಲಿ 1920ರ ದಶಕದಲ್ಲಿ ಒಂದು ವಿಚಿತ್ರವಾದ ಸಂತರ್ಪಣೆ ನಡೆಯಿತು. ಉಣ್ಣಲು ಬಂದವು ಬಿಳಿ ಇಲಿಗಳು. ಒಂದೊಂದು ಗುಂಪಿನಲ್ಲಿ ಇಪ್ಪತ್ತು. ಎಲ್ಲವೂ ಒಂದೇ ಪ್ರಾಯದ, ಹೆಚ್ಚುಕಡಿಮೆ ಒಂದೇ ತೂಕದ ಮರಿಗಳು. ಗೂಡುಗಳು ಒಂದೇ ತರಹದವು, ಅವುಗಳ ಮೇಲೆ ಬೀಳುವ ಬಿಸಿಲೂ ಒಂದೇ, ಶುಚಿಯೂ ಒಂದೇ. ಬೇರೆಯಾಗಿದ್ದದ್ದು ಊಟ ಮಾತ್ರ. ಒಂದು ಗುಂಪಿಗೆ ಸಿಖ್ಖರ ಊಟ, ಇನ್ನೊಂದಕ್ಕೆ ಪಠಾಣರದು, ಮತ್ತೊಂದಕ್ಕೆ ಮರಾಠರದು. ಹಾಗೆಯೇ ಗೂರ್ಖರದು, ಬಂಗಾಳಿಗಳದು, ಮದ್ರಾಸಿನವರದು. ಏಳನೆಯ ಗುಂಪಿನ ಹೆಸರು ‘ಕೆನರೀಸ್’. ಆ ಇಪ್ಪತ್ತು ಇಲಿಗಳು ಕನ್ನಡಿಗರ ಊಟ ಉಣ್ಣುತ್ತಿದ್ದವು.

ಆ ಕನ್ನಡಿಗರ ಸೀಮೆಗಳಲ್ಲೊಂದನ್ನು ನೋಡೋಣ. ಆಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿದ್ದವು. ಮಾರ್ಗಶಿರದಲ್ಲಿ ನಂದಿಬೆಟ್ಟದ ಮಂಜು ಬಯಲಿಗಿಳಿದರೆ ಮನೆಮನೆಯ ಮಕ್ಕಳ ಮೂಗು ಸೋರತೊಡಗುತ್ತಿತ್ತು. ನೆಗಡಿ ಗಂಟಲಿಗಿಳಿಯುತ್ತಿತ್ತು, ಗಂಟಲಿನಿಂದ ಕಿವಿಗೆ ಹೋಗಿ ಕೀವಾಗುತ್ತಿತ್ತು, ಕೆಲವು ಕೂಸುಗಳ ಎದೆಗೂ ಇಳಿದು ಉಸಿರು ಕಟ್ಟಿಸುತ್ತಿತ್ತು. ಊಟದ ಮೇಲೆ ಅಜ್ಜಿಯರಿಗೆ ಅನುಮಾನ ಇದ್ದೇ ಇತ್ತು. ಮೊಸರು ತಿಂದದ್ದಕ್ಕೆ, ಸೀಬೆಹಣ್ಣು ಕಚ್ಚಿದ್ದಕ್ಕೆ, ತಂಗಳು ಉಂಡದ್ದಕ್ಕೆ ಶೀತವಾಯಿತು ಎಂಬ ಮಾತು ಆ ಸೀಮೆಯಲ್ಲಿ ಇವತ್ತಿಗೂ ನಿಂತಿಲ್ಲ. ಕೂನೂರಿನ ಇಲಿಗಳು ತೋರಿಸಿಕೊಟ್ಟದ್ದು ಆ ಅನುಮಾನದ ಇನ್ನೊಂದು ಮಗ್ಗುಲನ್ನು: ತಟ್ಟೆಗೆ ಬಾರದೆ ಉಳಿದ ತಿನಿಸು ಮೂಗು ಗಂಟಲಿಗೆ ಮಾಡುವ ಕೇಡನ್ನು. ಅದು ರುಜುವಾತಾಗುವುದಕ್ಕೆ ಎಪ್ಪತ್ತು ವರ್ಷ ಹಿಡಿಯಿತು. ನಡುವೆ ಒಮ್ಮೆ ವೈದ್ಯಲೋಕ ಅದನ್ನು ಮರೆತೇಬಿಟ್ಟಿತ್ತು.

ಇಲಿಗಳಿಗೆ ಊಟ ಹಾಕಿಸಿದವರು ರಾಬರ್ಟ್ ಮ್ಯಾಕ್‌ಕ್ಯಾರಿಸನ್. ಐರ್ಲೆಂಡಿನ ಉತ್ತರ ಭಾಗದ ಪೋರ್ಟಡೌನ್ ಎಂಬ ಊರಿನಲ್ಲಿ 1878ರಲ್ಲಿ ಹುಟ್ಟಿ, ಬೆಲ್‌ಫಾಸ್ಟಿನಲ್ಲಿ ವೈದ್ಯ ಓದಿ, 1901ರಲ್ಲಿ ಇಂಡಿಯನ್ ಮೆಡಿಕಲ್ ಸರ್ವೀಸಿಗೆ ಸೇರಿ ಹಡಗು ಹತ್ತಿದವರು. ಸರ್ಕಾರ ಅವರನ್ನು ವಾಯವ್ಯದ ಬೆಟ್ಟಗಳಿಗೆ, ಮೊದಲು ಚಿತ್ರಾಲಿಗೆ, ಆಮೇಲೆ ಗಿಲ್ಗಿಟ್ಟಿಗೆ ಕಳಿಸಿತು. ಗಿಲ್ಗಿಟ್ಟಿನಲ್ಲಿ ಒಂದರ ಕೆಳಗೊಂದು ಇದ್ದ ಹಳ್ಳಿಗಳು ಒಂದೇ ಹೊಳೆಯ ನೀರು ಕುಡಿಯುತ್ತಿದ್ದವು, ಕೆಳಗಿನ ಹಳ್ಳಿಗಳಿಗೆ ಹೋದಂತೆಲ್ಲ ಗಳಗಂಡದವರು ಹೆಚ್ಚುತ್ತಿದ್ದರು. ಕಾರಣ ಹುಡುಕಲು ಈ ವೈದ್ಯರು ಆ ನೀರಿನ ಗಸಿಯನ್ನು ತಾವೇ ಕುಡಿದರು, ಒಪ್ಪಿದ ಕೆಲವರಿಗೂ ಕುಡಿಸಿದರು. ತಮ್ಮ ಕತ್ತು ಊದುತ್ತದೋ ಇಲ್ಲವೋ ಎಂದು ದಿನವೂ ಮುಟ್ಟಿ ನೋಡಿಕೊಳ್ಳುವ ಮನುಷ್ಯನ ಹಟ ಎಂಥದ್ದೆಂದು ಇಲ್ಲಿಗೇ ತಿಳಿಯುತ್ತದೆ.

ಆದರೆ ಅವರ ಬಾಳನ್ನು ತಿರುಗಿಸಿದ್ದು ಕಾಯಿಲೆಯವರಲ್ಲ, ಕಾಯಿಲೆ ಬೀಳದವರು. ಗಿಲ್ಗಿಟ್ಟಿನ ಆಚೆ ಹುಂಜಾ ಕಣಿವೆಯ ಜನ ಚಳಿಯಲ್ಲಿ, ಕಲ್ಲುಬೆಟ್ಟಗಳ ನಡುವೆ ಬದುಕುತ್ತಿದ್ದರು. ಅವರು ತಿನ್ನುತ್ತಿದ್ದದ್ದು ಗೋಧಿ, ಬಾರ್ಲಿ, ಸೊಪ್ಪು ತರಕಾರಿ, ಜರ್ದಾಳು ಹಣ್ಣು, ಹಾಲು, ಒಂದಿಷ್ಟು ಬೆಣ್ಣೆ; ಮಾಂಸ ಹಬ್ಬಕ್ಕೆ ಮಾತ್ರ. ವೈದ್ಯರ ಬಳಿಗೆ ಅವರು ಬರುತ್ತಿದ್ದದ್ದು ಗಾಯಕ್ಕೋ ಕಣ್ಣಿನ ತೊಂದರೆಗೋ ಅಷ್ಟೇ. ರೋಗಾಣುಗಳ ಶೋಧವೇ ವೈದ್ಯಶಾಸ್ತ್ರದ ಕಿರೀಟವಾಗಿದ್ದ ಕಾಲ ಅದು. ರೋಗ ಬಂತೆಂದರೆ ಯಾವ ರೋಗಾಣು ಎಂದು ಹುಡುಕಬೇಕು, ಅಲ್ಲಿಗೆ ಕೆಲಸ ಮುಗಿಯಿತು. ಒಬ್ಬನಿಗೆ ರೋಗ ಏಕೆ ಬರಲಿಲ್ಲ ಎಂಬುದನ್ನು ಯಾರೂ ಪಾಠದಲ್ಲಿ ಹೇಳಿಕೊಟ್ಟಿರಲಿಲ್ಲ. ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ಮ್ಯಾಕ್‌ಕ್ಯಾರಿಸನ್ ದಕ್ಷಿಣಕ್ಕೆ ಬಂದರು.

ಕೂನೂರಿನಲ್ಲಿ 1907ರಿಂದ ಪಾಶ್ಚರ್ ಸಂಸ್ಥೆ ಇತ್ತು. ಸುತ್ತಲ ಹಟ್ಟಿಗಳಲ್ಲಿ ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗರು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, 1918ರಲ್ಲಿ, ಆ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ತನಿಖೆ ಎಂಬ ಹೆಸರಿನಲ್ಲಿ ಅವರ ಕೆಲಸ ಶುರುವಾಯಿತು. ಪಾರಿವಾಳಗಳಿಗೆ, ಕೋತಿಗಳಿಗೆ ಬಿಳಿ ಮಾಡಿದ ಅಕ್ಕಿಯನ್ನು ಹಾಕಿ ನೋಡಿದರು. ಅಲ್ಲೊಂದು ಸೂಕ್ಷ್ಮ ಕಣ್ಣಿಗೆ ಬಿತ್ತು. ಕೆಟ್ಟ ಊಟದ ಕೋತಿಗಳು ಆಮಶಂಕೆಗೆ ಬಿದ್ದವು. ಅದೇ ಮನೆಯಲ್ಲಿ, ಅದೇ ಗಾಳಿಯಲ್ಲಿದ್ದ ಒಳ್ಳೆಯ ಊಟದ ಕೋತಿಗಳು ಪಾರಾದವು. ರೋಗಾಣು ಎರಡಕ್ಕೂ ಸಿಕ್ಕಿತ್ತು. ರೋಗ ಒಂದಕ್ಕೆ ಮಾತ್ರ.

ಇದರ ಬೆನ್ನು ಹತ್ತುವಷ್ಟರಲ್ಲಿ ಸರ್ಕಾರದ ಖಜಾನೆ ಬರಿದಾಯಿತು. ಖರ್ಚು ಕಡಿತಕ್ಕೆ ನೇಮಕವಾದ ಇಂಚ್‌ಕೇಪ್ ಸಮಿತಿಯ ಕತ್ತರಿ ಈ ಪುಟ್ಟ ಕೋಣೆಗೂ ತಾಗಿ 1923ರಲ್ಲಿ ತನಿಖೆ ನಿಂತುಹೋಯಿತು. ಎರಡು ವರ್ಷ ಬಾಗಿಲು ಮುಚ್ಚಿತ್ತು. ಬೇರೆ ಯಾರಾದರೂ ಆಗಿದ್ದರೆ ದೊಡ್ಡ ಆಸ್ಪತ್ರೆಯೊಂದರ ಕುರ್ಚಿ ಹಿಡಿದು ಕೂತುಬಿಡುತ್ತಿದ್ದರು. ಮ್ಯಾಕ್‌ಕ್ಯಾರಿಸನ್ 1925ರಲ್ಲಿ ಮತ್ತೆ ಅದೇ ಕೂನೂರಿಗೆ ಬಂದು ಗೂಡುಗಳನ್ನು ಸಾಲಾಗಿ ಇಡಿಸಿದರು. ಈ ಸಲ ಇಲಿಗಳು. ಮುಂದೆ ಅದೇ ಜಾಗ ಪೋಷಣ ಸಂಶೋಧನಾಲಯವಾಯಿತು, ಅವರೇ ಅದರ ಮೊದಲ ನಿರ್ದೇಶಕರಾದರು.

ಏಳು ಗುಂಪುಗಳನ್ನು ಕೊನೆಗೆ ತಕ್ಕಡಿಗೆ ಹಾಕಿದಾಗ ಸಿಖ್ಖರ ಊಟ ಉಂಡ ಇಲಿಗಳ ಸರಾಸರಿ ತೂಕ 235 ಗ್ರಾಂ. ಪಠಾಣರದು 230, ಮರಾಠರದು 225, ಗೂರ್ಖರದು 200. ಕನ್ನಡಿಗರ ಊಟದ ಇಲಿಗಳು 185ಕ್ಕೆ ನಿಂತವು. ಬಂಗಾಳದ್ದು 180, ಎಲ್ಲಕ್ಕಿಂತ ಕೆಳಗೆ ಮದ್ರಾಸಿನದು 155. ಸಿಖ್ಖರ ತಟ್ಟೆಯಲ್ಲಿ ಇಡೀ ಗೋಧಿಯ ಚಪಾತಿ, ಬೆಣ್ಣೆ, ಹಾಲು, ಮೊಳಕೆ ಕಾಳು, ಹಸಿ ತರಕಾರಿ, ವಾರಕ್ಕೊಮ್ಮೆ ಮಾಂಸ ಇದ್ದವು. ಮದ್ರಾಸಿನ ತಟ್ಟೆಯ ತುಂಬ ತೊಳೆದು ಬಿಳಿ ಮಾಡಿದ ಅನ್ನ. ಈ ಪಟ್ಟಿಯನ್ನು ಹಿಡಿದು ಒಂದು ಸೀಮೆಯ ಜನ ಮೇಲು, ಇನ್ನೊಂದು ಸೀಮೆಯವರು ಕೀಳು ಎಂದವರೂ ಇದ್ದರು. ಅದು ಅನ್ಯಾಯದ ಮಾತು. ಹಾಲಿಗೂ ಸೊಪ್ಪಿಗೂ ಕಾಸಿಲ್ಲದವನ ಅನ್ನದ ತಟ್ಟೆ ಅವನ ಬಡತನದ ಲೆಕ್ಕ ಹೇಳುತ್ತಿತ್ತೇ ಹೊರತು ಅವನ ಕುಲದ್ದಲ್ಲ.

ತೂಕಕ್ಕಿಂತ ದೊಡ್ಡ ಸುದ್ದಿ ಇಲಿಗಳ ಒಡಲಿನಲ್ಲಿತ್ತು. ಸಂಶೋಧನಾಲಯದಲ್ಲಿ ತಳಿ ಬೆಳೆಸಲೆಂದು ಸಾಕಿದ ಇಲಿಗಳಿಗೆ ಸಿಖ್ಖರ ಊಟದ ಮಾದರಿಯಲ್ಲೇ ಆಹಾರ ಹಾಕುತ್ತಿದ್ದರು. ಅಂಥ ಸಾವಿರಕ್ಕೂ ಹೆಚ್ಚು ಇಲಿಗಳನ್ನು ಕೊಯ್ದು ನೋಡಿದರೂ ರೋಗದ ಗುರುತು ಸಿಗುವುದೇ ದುರ್ಲಭವಾಗಿತ್ತು. ಇನ್ನೊಂದು ಕಡೆ ಬಗೆಬಗೆಯ ಕೊರತೆಯ ಊಟ ಉಂಡ ಎರಡು ಸಾವಿರಕ್ಕೂ ಹೆಚ್ಚು ಇಲಿಗಳು ಆ ಮೇಜಿನ ಮೇಲೆ ಬಂದವು. ಮ್ಯಾಕ್‌ಕ್ಯಾರಿಸನ್ ಬರೆದಿಟ್ಟ ಪಟ್ಟಿ ದೀರ್ಘವಾಗಿತ್ತು: ಸೈನಸ್ಸಿನಲ್ಲಿ ಸೋಂಕು, ನಡುಗಿವಿಯಲ್ಲಿ ಕೀವು, ಮೂಗಿನ ಹಿಂದೆ ಬೆಳೆದ ಅಡಿನಾಯ್ಡು, ನ್ಯುಮೋನಿಯಾ, ಪುಪ್ಪುಸದ ಪೊರೆಯ ಉರಿಯೂತ. ಚಿಕ್ಕಬಳ್ಳಾಪುರದ ಚಳಿಗಾಲದಲ್ಲಿ ತಾಯಂದಿರು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಯಲ್ಲಿ ಹೇಳಿಕೊಳ್ಳುವ ದೂರುಗಳೆಲ್ಲ ಆ ಪಟ್ಟಿಯಲ್ಲಿದ್ದವು. ಇಲಿಗಳಿಗೆ ಯಾರೂ ರೋಗಾಣು ಚುಚ್ಚಿರಲಿಲ್ಲ. ಗಾಳಿಯಲ್ಲಿ ಇದ್ದದ್ದೇ ಸಾಕಾಗಿತ್ತು.

ಇಂಗ್ಲೆಂಡಿನವರಿಗೆ ಇದು ಹಿಂದೂಸ್ತಾನದ ಬಡವರ ಸುದ್ದಿ ಎನಿಸಬಾರದಲ್ಲ. ಅವರ ಬಡವರ ಊಟವನ್ನೂ ಮ್ಯಾಕ್‌ಕ್ಯಾರಿಸನ್ ಇಲಿಗಳ ಮುಂದಿಟ್ಟರು: ಬಿಳಿ ಬ್ರೆಡ್ಡು, ಮಾರ್ಗರಿನ್, ಸಕ್ಕರೆ ಹಾಕಿದ ಚಹಾ, ಬೇಯಿಸಿದ ಕೋಸು, ಡಬ್ಬಿಯ ಮಾಂಸ, ಜಾಮು. ಇಲಿಗಳು ಕುಗ್ಗಿದವು, ಕೂದಲು ಕೆಟ್ಟಿತು, ನೋಡಿಕೊಳ್ಳುವವರ ಕೈ ಕಚ್ಚತೊಡಗಿದವು. ಅರವತ್ತನೆಯ ದಿನದ ಹೊತ್ತಿಗೆ ಬಲವಿದ್ದವು ಬಲವಿಲ್ಲದವನ್ನು ಕೊಂದು ತಿನ್ನಲು ಶುರು ಮಾಡಿದ್ದರಿಂದ ಅವನ್ನು ಬೇರೆ ಮಾಡಬೇಕಾಯಿತು. ಅವುಗಳಲ್ಲೂ ಹೆಚ್ಚಾಗಿ ಕಂಡದ್ದು ಪುಪ್ಪುಸದ ಮತ್ತು ಹೊಟ್ಟೆಯ ರೋಗಗಳೇ. ನಿವೃತ್ತರಾಗಿ ಇಂಗ್ಲೆಂಡಿಗೆ ಹೋದ ಮೇಲೆ 1936ರಲ್ಲಿ ಅವರು ಇದನ್ನೆಲ್ಲ ಸರಣಿ ಉಪನ್ಯಾಸಗಳಲ್ಲಿ ಬಿಡಿಸಿ ಹೇಳಿದರು. ಜನ ಕೇಳಿದರು, ತಲೆದೂಗಿದರು. ಆದರೆ ಒಂದು ಪ್ರಶ್ನೆಗೆ ಅವರ ಬಳಿ ಪೂರ್ತಿ ಉತ್ತರವಿರಲಿಲ್ಲ. ಊಟದಲ್ಲಿ ಇರುವುದು ನೂರೆಂಟು. ಅದರಲ್ಲಿ ಯಾವುದು ಇಲ್ಲದಿದ್ದಾಗ ಮೂಗು ಗಂಟಲು ರೋಗಾಣುವಿಗೆ ದಾರಿ ಬಿಟ್ಟುಕೊಡುತ್ತದೆ?

ಉತ್ತರದ ತುಣುಕುಗಳು ಆ ಹೊತ್ತಿಗಾಗಲೇ ಬೇರೆ ಬೇರೆ ದೇಶಗಳಲ್ಲಿ ಚೆಲ್ಲಿಕೊಂಡಿದ್ದವು. ಬೆಣ್ಣೆಯ ಜಿಡ್ಡಿನಲ್ಲಿ ಮರಿಗಳ ಬೆಳವಣಿಗೆಗೆ ಬೇಕಾದ ಏನೋ ಒಂದು ಇದೆ ಎಂದು ಅಮೆರಿಕದ ಮೆಕಾಲಮ್ ಮತ್ತು ಡೇವಿಸ್ 1913ರಲ್ಲಿ ಕಂಡಿದ್ದರು. ಅದಕ್ಕೆ ಆಮೇಲೆ ಎ ವಿಟಮಿನ್ ಎಂಬ ಹೆಸರು ಬಂತು. ಡೆನ್ಮಾರ್ಕಿನ ಮಕ್ಕಳ ವೈದ್ಯ ಕಾರ್ಲ್ ಬ್ಲಾಕ್ ಕಣ್ಣು ಒಣಗಿ ಕುರುಡಾಗುತ್ತಿದ್ದ ಬಡಮಕ್ಕಳನ್ನು ನೋಡುತ್ತಿದ್ದರು. ಅದೇ ಮಕ್ಕಳಿಗೆ ಎದೆಯ ಸೋಂಕೂ ಹೆಚ್ಚು ಎಂಬುದನ್ನು ಗಮನಿಸಿದ್ದರು. ಡೆನ್ಮಾರ್ಕು ತನ್ನ ಬೆಣ್ಣೆಯ ಬಹುಪಾಲನ್ನು ಹೊರಕ್ಕೆ ಮಾರಿ, ತನ್ನ ಬಡವರಿಗೆ ಮಾರ್ಗರಿನ್ ತಿನ್ನಿಸುತ್ತಿದ್ದ ದೇಶ. 1917ರಲ್ಲಿ ಜರ್ಮನರ ಜಲಾಂತರ್ಗಾಮಿಗಳು ಸಮುದ್ರದ ದಾರಿ ಮುಚ್ಚಿದವು. ಮಾರ್ಗರಿನ್‌ಗೆ ಬೇಕಾದ ಎಣ್ಣೆ ಬರುವುದು ನಿಂತಿತು. ಸರ್ಕಾರ ಬೆಣ್ಣೆಯನ್ನೇ ಅಗ್ಗದ ಬೆಲೆಗೆ ಪಡಿತರದಲ್ಲಿ ಹಂಚಿತು. ಮರುವರ್ಷ ಆ ಕಣ್ಣಿನ ರೋಗ ಮಾಯ! ಯಾವ ವೈದ್ಯನೂ ಮಾಡಲಾಗದ ಪ್ರಯೋಗವನ್ನು ಯುದ್ಧವೊಂದು ತನಗರಿವಿಲ್ಲದೆ ಮಾಡಿ ಮುಗಿಸಿತ್ತು.

1925ರಲ್ಲಿ ಹಾರ್ವರ್ಡಿನ ವೋಲ್‌ಬಾಕ್ ಮತ್ತು ಹೋವ್ ಎ ವಿಟಮಿನ್ ಸಿಗದ ಇಲಿಗಳ ಮೂಗು, ಶ್ವಾಸನಾಳಗಳ ಒಳಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಲೋಳೆ ಸುರಿಸಿ ಒದ್ದೆಯಾಗಿರಬೇಕಾದ ಪದರ ಚರ್ಮದಂತೆ ಗಡುಸಾಗಿತ್ತು. ಮೂರು ವರ್ಷದ ಮೇಲೆ ಇಂಗ್ಲೆಂಡಿನ ಗ್ರೀನ್ ಮತ್ತು ಮೆಲನ್‌ಬಿ ಎ ವಿಟಮಿನ್ನನ್ನು ಸೋಂಕು ತಡೆಯುವ ವಿಟಮಿನ್ ಎಂದೇ ಕರೆದರು. 1932ರಲ್ಲಿ ಲಂಡನ್ನಿನ ಗ್ರೋವ್ ಆಸ್ಪತ್ರೆಯಲ್ಲಿ ಜೋಸೆಫ್ ಎಲಿಸನ್ ದಡಾರ ಬಂದ 600 ಮಕ್ಕಳನ್ನು ಎರಡು ಪಾಲು ಮಾಡಿದರು. ದಡಾರ ಎಂದರೆ ಮೂಗು, ಗಂಟಲಿನಿಂದಲೇ ಒಳಹೊಕ್ಕು ಕೊನೆಗೆ ನ್ಯುಮೋನಿಯಾ ತಂದು ಕೊಲ್ಲುವ ರೋಗ. ಎ ವಿಟಮಿನ್ ತುಂಬಿದ ಮೀನೆಣ್ಣೆಯ ಸಾರ ಕೊಟ್ಟ 300 ಮಕ್ಕಳಲ್ಲಿ 11 ಜನ ತೀರಿಕೊಂಡರು, ಕೊಡದ 300ರಲ್ಲಿ 26. ಹಸಿರು ಸೊಪ್ಪು, ಗಜ್ಜರಿ, ಮಾವಿನ ಕ್ಯಾರೋಟಿನ್ ಎಂಬ ಬಣ್ಣವೇ ಒಡಲಿನಲ್ಲಿ ಎ ವಿಟಮಿನ್ ಆಗಿ ಮಾರ್ಪಡುತ್ತದೆ ಎಂಬುದನ್ನು ಕೇಂಬ್ರಿಜ್ಜಿನ ಥಾಮಸ್ ಮೂರ್ ಅಷ್ಟರಲ್ಲೇ ತೋರಿಸಿದ್ದರು. ಬೆಣ್ಣೆ ಕಾಣದ ಮನೆಗೂ ಒಂದು ದಾರಿ ಇದೆ ಎಂದಾಯಿತು.

ಎಲ್ಲವೂ ಒಂದು ಗೆರೆಗೆ ಬಂದು ನಿಂತಿತ್ತು. ಅಷ್ಟರಲ್ಲಿ ಸಲ್ಫಾ ಮಾತ್ರೆ ಬಂತು, ಅದರ ಬೆನ್ನಿಗೇ ಪೆನಿಸಿಲಿನ್ ಬಂತು. ರೋಗಾಣುವನ್ನು ನೇರವಾಗಿ ಕೊಲ್ಲುವ ಮದ್ದು ಕೈಯಲ್ಲಿರುವಾಗ ಮೀನೆಣ್ಣೆಯ ವಾಸನೆ ಯಾರಿಗೆ ಬೇಕು? ಎಲಿಸನ್ ಬರೆದ ಪುಟಗಳು ಗ್ರಂಥಾಲಯದಲ್ಲಿ ಧೂಳು ಹಿಡಿದವು. ಕೂನೂರಿನ ಸಂಶೋಧನಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಅದೇ. ಎ ವಿಟಮಿನ್ ಕಣ್ಣಿನ ವೈದ್ಯರ ಪಾಲಾಯಿತು. ಭಾರತದಲ್ಲಿ 1970ರಿಂದ ಚಿಕ್ಕ ಮಕ್ಕಳಿಗೆ ಅದರ ದ್ರವ ಕುಡಿಸುವ ಕಾರ್ಯಕ್ರಮ ಶುರುವಾದದ್ದೂ ಕುರುಡು ತಡೆಯುವುದಕ್ಕಾಗಿಯೇ. ಮೂಗು, ಗಂಟಲು, ಎದೆಯ ಮಾತು ಅಲ್ಲಿ ಇರಲೇ ಇಲ್ಲ.

ಅದು ಮರಳಿ ಬೆಳಕಿಗೆ ಬಂದದ್ದು ಕಣ್ಣಿನ ವೈದ್ಯರೊಬ್ಬರ ಕೈಯಿಂದ, ಅದೂ ಆಕಸ್ಮಿಕವಾಗಿ. ಅಮೆರಿಕದ ಆಲ್‌ಫ್ರೆಡ್ ಸೋಮರ್ 1970ರ ದಶಕದ ಕೊನೆಯಲ್ಲಿ ಇಂಡೋನೇಷ್ಯಾದ ಪಶ್ಚಿಮ ಜಾವಾದಲ್ಲಿ ಇರುಳುಗುರುಡಿನ ಬೆನ್ನು ಹತ್ತಿದ್ದರು. ಆರು ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳ ಕಣ್ಣನ್ನು ಮೂರು ತಿಂಗಳಿಗೊಮ್ಮೆ, ಒಂದೂವರೆ ವರ್ಷ ಬಿಡದೆ ನೋಡಿಸಿದರು. ಆ ಲೆಕ್ಕವನ್ನೆಲ್ಲ ಕಟ್ಟಿಕೊಂಡು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಹಿಂತಿರುಗಿದ ಮೇಲೆ, 1982ರ ಡಿಸೆಂಬರಿನಲ್ಲಿ, ಕಂಪ್ಯೂಟರಿನಿಂದ ಇಳಿದ ಉದ್ದುದ್ದ ಹಾಳೆಗಳನ್ನು ಹರವಿಕೊಂಡು ಕೂತಿದ್ದರು. ಕಣ್ಣು ಕೆಟ್ಟ ಮಕ್ಕಳಿಗೆ ಆಮೇಲೇನಾಯಿತು ಎಂದು ನೋಡುವುದು ಅವರ ಉದ್ದೇಶ. ಒಂದು ಸುತ್ತಿನಲ್ಲಿ ಇರುಳುಗುರುಡು ಇದೆ ಎಂದು ಬರೆದ ಮಕ್ಕಳು ಮುಂದಿನ ಸುತ್ತಿನ ಹಾಳೆಯಲ್ಲಿ ಇರಲೇ ಇಲ್ಲ. ಊರು ಬಿಟ್ಟರೇ? ದಾಖಲೆ ಕಳೆಯಿತೇ? ಹೆಸರು ಹೆಸರಾಗಿ ನೋಡುತ್ತ ಹೋದರು. ಆ ಮಕ್ಕಳು ಸತ್ತುಹೋಗಿದ್ದರು. ಕತ್ತಲಾದ ಮೇಲೆ ಕಣ್ಣು ಕಾಣದಿರುವಂಥ ಸೌಮ್ಯ ಗುರುತುಗಳಷ್ಟೇ ಇದ್ದ, ಹಗಲಿನಲ್ಲಿ ಆಡಿಕೊಂಡಿದ್ದ ಮಕ್ಕಳು, ಕಣ್ಣು ಸರಿಯಿದ್ದ ಮಕ್ಕಳ ಸರಾಸರಿ ನಾಲ್ಕು ಪಟ್ಟು ಸಾಯುತ್ತಿದ್ದರು. ಕೊರತೆ ಹೆಚ್ಚಿದಷ್ಟೂ ಸಾವು ಹೆಚ್ಚು. ಅದೇ ಹಾಳೆಗಳು ಇನ್ನೊಂದನ್ನೂ ಹೇಳಿದವು: ಕೊರತೆಯಿದ್ದ ಮಕ್ಕಳಿಗೆ ಉಸಿರಾಟದ ಕಾಯಿಲೆ ಎರಡು ಪಟ್ಟು, ಭೇದಿ ಮೂರು ಪಟ್ಟು.

1983ರಲ್ಲಿ ಇದು ಅಚ್ಚಾಯಿತು. ವೈದ್ಯಲೋಕ ತಿರುಗಿಯೂ ನೋಡಲಿಲ್ಲ. ನೋಡಿದವರು ನಂಬಲಿಲ್ಲ. ಬಡ ಮಕ್ಕಳಿಗೆ ನೂರು ಕೊರತೆ, ಅದರಲ್ಲಿ ಇದೊಂದನ್ನೇ ಏಕೆ ದೂರಬೇಕು ಎಂಬುದು ಅವರ ಆಕ್ಷೇಪ. ಅದು ಸರಿಯಾದ ಆಕ್ಷೇಪವೇ. ಸೋಮರ್ ವಾದಕ್ಕಿಳಿಯಲಿಲ್ಲ, ಇಂಡೋನೇಷ್ಯಾದ ತಾರ್ವೊಚೊ ಮೊದಲಾದ ಸಹೋದ್ಯೋಗಿಗಳೊಂದಿಗೆ ಸುಮಾತ್ರಾದ ತುದಿಯಲ್ಲಿರುವ ‘ಅಚೆ’ ಎಂಬ ಪ್ರಾಂತ್ಯಕ್ಕೆ ಹೋದರು. 450 ಹಳ್ಳಿಗಳು, ಸುಮಾರು 26,000 ಮಕ್ಕಳು. ಚೀಟಿ ಎತ್ತಿದ ಹಾಗೆ ಅರ್ಧ ಹಳ್ಳಿಗಳಿಗೆ ಎ ವಿಟಮಿನ್ ಮೊದಲು, ಉಳಿದವಕ್ಕೆ ವರ್ಷದ ಮೇಲೆ. ಎ ವಿಟಮಿನ್ ಮೊದಲು ಸಿಕ್ಕ ಹಳ್ಳಿಗಳಲ್ಲಿ ಸಾವು ಮೂರರಲ್ಲೊಂದು ಪಾಲು ಇಳಿಯಿತು. 1986ರಲ್ಲಿ ಇದನ್ನು ಪ್ರಕಟಿಸಿದಾಗ ದೊರೆತದ್ದು ಇನ್ನೂ ಜೋರಾದ ಅಪನಂಬಿಕೆ. ಎರಡು ಕಾಸಿನ ಗುಳಿಗೆಗೆ ಇಷ್ಟು ಬಲವೇ?

ಆಗ ಕತೆ ಮತ್ತೆ ದಕ್ಷಿಣ ಭಾರತಕ್ಕೆ ಬಂತು. ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ಡಾ. ಲಕ್ಷ್ಮಿ ರಹಮತುಲ್ಲಾ ಅವರ ತಂಡ ತಿರುಚಿರಾಪಳ್ಳಿ ಜಿಲ್ಲೆಯ 15,419 ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಆರು ತಿಂಗಳಿಗೊಮ್ಮೆ ಭಾರಿ ಪ್ರಮಾಣದಲ್ಲಿ ಕುಡಿಸುವ ಬದಲು, ಊಟದಿಂದ ಸಿಗಬಹುದಾದಷ್ಟನ್ನೇ, ವಾರಕ್ಕೊಮ್ಮೆ 8,333 ಯೂನಿಟ್, ಮನೆ ಬಾಗಿಲಿಗೆ ಹೋಗಿ ಹನಿ ಹಾಕುವುದು ಅವರ ಯೋಜನೆ. ಅರ್ಧ ಮಕ್ಕಳಿಗೆ ಎ ವಿಟಮಿನ್ ಬೆರೆತ ದ್ರವ, ಉಳಿದರ್ಧಕ್ಕೆ ಅದಿಲ್ಲದ್ದು. ಯಾವ ಶೀಷೆಯಲ್ಲಿ ಯಾವುದಿದೆ ಎಂದು ಹನಿ ಹಾಕುವವರಿಗೂ ಗೊತ್ತಿಲ್ಲ. ಒಂದು ವರ್ಷ, ವಾರ ವಾರ, ಬಿಸಿಲಿರಲಿ ಮಳೆಯಿರಲಿ, ಹಳ್ಳಿಯ ಕಾರ್ಯಕರ್ತರು ಮನೆಮನೆ ತಿರುಗಿದರು. ಈ ಇಡೀ ಕತೆಯಲ್ಲಿ ಅತ್ಯಂತ ಕಷ್ಟದ ದುಡಿಮೆ ಯಾರದೆಂದರೆ ಅವರದೇ ಎನ್ನಬೇಕು. 1990ರಲ್ಲಿ ಫಲಿತಾಂಶ ಹೊರಬಿತ್ತು. ಸಾವು ಅರ್ಧಕ್ಕಿಂತ ಹೆಚ್ಚು, ಶೇಕಡಾ 54ರಷ್ಟು, ಕಡಿಮೆಯಾಗಿತ್ತು.

ಅದೇ ವರ್ಷ ಹೈದರಾಬಾದಿನಿಂದ ಇದಕ್ಕೆ ಪೂರ್ತಿ ಎದುರಾದ ಸುದ್ದಿ ಬಂತು. ರಾಷ್ಟ್ರೀಯ ಪೋಷಣ ಸಂಸ್ಥೆಯ ಡಾ. ವಿಜಯರಾಘವನ್ ಮತ್ತು ಸಂಗಡಿಗರು ಸುಮಾರು ಅಷ್ಟೇ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳಿಗೊಮ್ಮೆ ದೊಡ್ಡ ಪ್ರಮಾಣದ ಎ ವಿಟಮಿನ್ ಕೊಟ್ಟು ನೋಡಿದ್ದರು. ಎರಡು ಗುಂಪುಗಳ ಸಾವಿನಲ್ಲಿ ವ್ಯತ್ಯಾಸವಿರಲಿಲ್ಲ. ಮ್ಯಾಕ್‌ಕ್ಯಾರಿಸನ್ ಕಟ್ಟಿದ ಮನೆಯಿಂದಲೇ ಈ ಇಲ್ಲ ಎಂಬ ಉತ್ತರ! ಆದರೂ ಅವರ ಬರಹದೊಳಗೆ ಒಂದು ಸಾಲು ಹಳೆಯ ಇಲಿಗಳ ಪರವಾಗಿಯೇ ಇತ್ತು: ಕಣ್ಣಿನಲ್ಲಿ ಕೊರತೆಯ ಗುರುತಿದ್ದ ಮಕ್ಕಳಿಗೆ ಉಸಿರಾಟದ ಸೋಂಕು ಹೆಚ್ಚು. ಮುಂದೆ ಘಾನಾ, ನೇಪಾಳಗಳ ಪ್ರಯೋಗಗಳೂ ಸೇರಿ, 1993ರಲ್ಲಿ ಟೊರಾಂಟೊದ ಜಾರ್ಜ್ ಬೀಟನ್ ತಂಡ ಎಲ್ಲವನ್ನೂ ಒಟ್ಟಿಗಿಟ್ಟು ತೂಗಿದಾಗ ಸಾವಿನಲ್ಲಿ ಶೇಕಡಾ 23ರಷ್ಟು ಇಳಿಕೆ ನಿಂತಿತು. ವಾದ ಅಲ್ಲಿಗೂ ಮುಗಿಯಲಿಲ್ಲ. ಉತ್ತರಪ್ರದೇಶದ ಸುಮಾರು ಹತ್ತು ಲಕ್ಷ ಮಕ್ಕಳ ಮೇಲೆ ನಡೆದು 2013ರಲ್ಲಿ ಅಚ್ಚಾದ ಅಧ್ಯಯನದಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ.

ಎಲ್ಲಕ್ಕಿಂತ ತಲೆ ಕೆಡಿಸಿದ್ದು ತಿರುಚಿಯ ಇನ್ನೊಂದು ಲೆಕ್ಕ. ಕಾರ್ಯಕರ್ತರು ಪ್ರತಿ ವಾರ ಮಗುವಿಗೆ ಕೆಮ್ಮು ಇದೆಯೇ, ನೆಗಡಿ ಇದೆಯೇ, ಭೇದಿ ಇದೆಯೇ ಎಂದೂ ಕೇಳಿ ಬರೆದುಕೊಂಡಿದ್ದರು. ಅದನ್ನು ಕೂಡಿ ನೋಡಿದರೆ ಎರಡು ಗುಂಪಿನ ಮಕ್ಕಳಿಗೂ ನೆಗಡಿ ಕೆಮ್ಮು ಬಂದದ್ದು ಒಂದೇ ಸಮ! ಸಾಯುವುದು ಅರ್ಧ ನಿಂತಿದೆ, ಕಾಯಿಲೆ ಬೀಳುವುದು ಒಂದಿಷ್ಟೂ ನಿಂತಿಲ್ಲ. ಘಾನಾದಲ್ಲೂ ಹೆಚ್ಚುಕಡಿಮೆ ಇದೇ. ಮನೆಯಲ್ಲಿ ಕೆಮ್ಮುವ ಮಕ್ಕಳ ಲೆಕ್ಕ ಬದಲಾಗಲಿಲ್ಲ, ಆಸ್ಪತ್ರೆಗೆ ಹೊತ್ತೊಯ್ಯಬೇಕಾದ ಮಕ್ಕಳ ಲೆಕ್ಕ ಇಳಿಯಿತು.

ಇದೇ ಒಗಟು ಅಡುಗೆಮನೆಯ ಹೊಗೆಯ ಕಡೆಯಿಂದಲೂ ಎದುರಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಎಂಬ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೂತು, ಮೂರು ಪಾತ್ರೆ ಇಡಬಹುದಾದ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಅಸ್ತ್ರ ಒಲೆಯನ್ನು ರೂಪಿಸಿತ್ತು. ಅವರ ಮೊದಲ ಚಿಂತೆ ಸೌದೆ ಉಳಿಸುವುದು. ಹೊಗೆ ಎದೆಗೆ ಎಷ್ಟು ಹೋಗುತ್ತದೆ ಎಂದು 1980ರ ದಶಕದ ಆರಂಭದಲ್ಲಿ ಗುಜರಾತಿನ ಹಳ್ಳಿಗಳ ಹೆಂಗಸರಿಗೆ ಉಪಕರಣ ಕಟ್ಟಿ ಅಳೆದವರು ಅಮೆರಿಕದ ಕರ್ಕ್ ಸ್ಮಿತ್. ಒಲೆ ಬದಲಿಸಿದರೆ ಮಕ್ಕಳ ನ್ಯುಮೋನಿಯಾ ನಿಲ್ಲುತ್ತದೆಯೇ ಎಂದು ಪರೀಕ್ಷಿಸಲು ಅವರಿಗೆ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಗ್ವಾಟೆಮಾಲಾದ ಬೆಟ್ಟಗಳ ಐನೂರಕ್ಕೂ ಹೆಚ್ಚು ಮನೆಗಳಲ್ಲಿ ಅರ್ಧಕ್ಕೆ ಹೊಗೆಕೊಳವೆಯ ಒಲೆ ಕಟ್ಟಿಸಿ 2002ರಿಂದ 2004ರವರೆಗೆ ಕಾದರು. ನ್ಯುಮೋನಿಯಾದ ಒಟ್ಟು ಲೆಕ್ಕದಲ್ಲಿ ಖಚಿತವಾಗಿ ಹೇಳುವಷ್ಟು ಇಳಿಕೆ ಇರಲಿಲ್ಲ. ಮೈಯಲ್ಲಿ ಆಮ್ಲಜನಕ ಕುಸಿಯುವಷ್ಟು ಬಿಗಡಾಯಿಸಿದ ನ್ಯುಮೋನಿಯಾ ಮಾತ್ರ ಸುಮಾರು ಮೂರರಲ್ಲೊಂದು ಪಾಲು ಇಳಿದಿತ್ತು.

ಎರಡು ದಾರಿಗಳೂ ಬಂದು ಸೇರಿದ್ದು ವೋಲ್‌ಬಾಕ್ ಮತ್ತು ಹೋವ್ ನೋಡಿದ ಆ ತೆಳು ಪದರದಲ್ಲೇ. ಮೂಗಿನಿಂದ ಪುಪ್ಪುಸದವರೆಗಿನ ದಾರಿಯ ಒಳಮೈಯಲ್ಲಿ ಲೋಳೆ ಸುರಿಸುವ ಕೋಶಗಳೂ, ಆ ಲೋಳೆಯನ್ನು ಅದಕ್ಕಂಟಿದ ಧೂಳು, ರೋಗಾಣುಗಳ ಸಮೇತ ಗಂಟಲ ಕಡೆಗೆ ನೂಕುವ ಸೂಕ್ಷ್ಮ ರೋಮಗಳೂ ಇವೆ. ಹಳೆಯ ಕೋಶಗಳು ಸವೆದಂತೆ ಹೊಸವು ಹುಟ್ಟುತ್ತಿರಬೇಕು. ಅವು ಲೋಳೆಯ ಕೋಶವಾಗಬೇಕೋ ರೋಮದ ಕೋಶವಾಗಬೇಕೋ ಎಂಬ ಆಜ್ಞೆ ಎ ವಿಟಮಿನ್ನಿನಿಂದ ಬರುತ್ತದೆ. ಅದು ಇಲ್ಲದಾಗ ಆ ಪದರ ಬೇಸಿಗೆಯ ಕೆರೆಯಂಗಳದ ಹಾಗೆ ಒಣಗಿ ಗಡುಸಾಗುತ್ತದೆ. ಹೊಗೆ ಅದೇ ರೋಮಗಳನ್ನು ಮರಗಟ್ಟಿಸುತ್ತದೆ. ನೆಗಡಿಯ ವೈರಸ್ಸು ಉಂಡವನ ಮೂಗಿಗೂ ಬರುತ್ತದೆ, ಉಣ್ಣದವನ ಮೂಗಿಗೂ ಬರುತ್ತದೆ. ಅದರ ಬೆನ್ನಿಗೆ ಬರುವ ಬ್ಯಾಕ್ಟೀರಿಯಾ ಕಿವಿಗೂ ಎದೆಗೂ ಇಳಿಯುವುದೋ ಅಲ್ಲೇ ನಿಲ್ಲುವುದೋ ಎಂಬುದನ್ನು ನಿರ್ಧರಿಸುವುದರಲ್ಲಿ ಈ ಪದರಕ್ಕೂ, ಅದರ ಹಿಂದಿನ ರಕ್ಷಣಾ ಕೋಶಗಳಿಗೂ ದೊಡ್ಡ ಪಾಲಿದೆ. ಆ ಕೋಶಗಳಿಗೂ ಎ ವಿಟಮಿನ್ ಬೇಕು. ಕೊರತೆಯಿಲ್ಲದ ಮಗುವಿಗೆ ಇನ್ನಷ್ಟು ಕುಡಿಸಿದರೆ ಹೆಚ್ಚಿನ ಲಾಭವಿಲ್ಲ. ಬೇರೆ ಬೇರೆ ಸೀಮೆಗಳ ಪ್ರಯೋಗಗಳು ಬೇರೆ ಬೇರೆ ಉತ್ತರ ಕೊಟ್ಟದ್ದಕ್ಕೆ ಇದೂ ಒಂದು ಕಾರಣ.

ಚಿಕ್ಕಬಳ್ಳಾಪುರ ಜಿಲ್ಲೆಯ ಕೂಸುಗಳಿಗೆ ಈಗ ಒಂಬತ್ತು ತಿಂಗಳಿಗೆ ದಡಾರದ ಲಸಿಕೆಯ ಜೊತೆ ಒಂದು ಲಕ್ಷ ಯೂನಿಟ್, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಎರಡು ಲಕ್ಷ ಯೂನಿಟ್ ಎ ವಿಟಮಿನ್ ದ್ರವವನ್ನು ಚಮಚದಲ್ಲಿ ಕುಡಿಸುತ್ತಾರೆ. ತಿರುಚಿಯ ತಂಡ ವಾರಕ್ಕೊಮ್ಮೆ ಹಾಕಿದ್ದು ಅದಕ್ಕೆ ಹೋಲಿಸಿದರೆ ಅತಿ ಚಿಕ್ಕ ಪ್ರಮಾಣ, ಒಂದು ಮಗುವಿಗೆ ವಾರದ ಊಟದಿಂದ ಸಿಗಬೇಕಾದಷ್ಟು. ರಾಗಿಮುದ್ದೆಯಲ್ಲಿ ಅದು ಸಿಗುವುದು ಅತ್ಯಲ್ಪ. ಮುದ್ದೆಯ ಪಕ್ಕದ ಮಸ್ಸೊಪ್ಪಿನಲ್ಲಿ, ನುಗ್ಗೆಸೊಪ್ಪು ದಂಟಿನಸೊಪ್ಪುಗಳ ಬಸ್ಸಾರಿನಲ್ಲಿ, ಚಿಂತಾಮಣಿಯ ತೋಟಗಳ ಮಾವಿನಲ್ಲಿ ಸಿಗುತ್ತದೆ. ಸೊಪ್ಪಿನ ಕ್ಯಾರೋಟಿನ್ ಮೈಗೆ ಹತ್ತಬೇಕಾದರೆ ಜಿಡ್ಡು ಬೇಕು, ಅದಕ್ಕೆ ಒಗ್ಗರಣೆಯ ಒಂದು ಚಮಚ ಕಡಲೆಕಾಯಿ ಎಣ್ಣೆ ಸಾಕಾಗುತ್ತದೆ.